ಆಟಿಕೆ ಇಲ್ಲದ ರೋಬೋಟ್‌ಗಳು

(ಹಳೆಯ ಕಾಮಿಕ್ಸ್ ಓದುಗರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾರು, ವಿಮಾನಗಳಾಗಿ ರೂಪ ಬದಲಿಸುವ ರೋಬೋಟ್‌ಗಳ ಕತೆ ಟ್ರಾನ್ಸ್‌ಫಾರ್ಮರ್ಸ್ ಅಂದಕೂಡಲೇ ಈಗಿನವರ ಕಣ್ಮುಂದೆ ಬರುವುದು ಸಿನಿಮಾ. ನಾನು ಇವತ್ತು ಮಾತಾಡಬೇಕೆಂದಿರುವುದು ಅದಕ್ಕಿಂತ ಬಹಳ ಹಿಂದಿನ ಕಾಗದದ ಬಗ್ಗೆ, ಅಂದರೆ ಕಾಮಿಕ್ಸ್ ಬಗ್ಗೆ. ಅಮೆರಿಕದ ಮಾರ್ವೆಲ್ ಕಂಪನಿ 1984ರಿಂದ 1991ರವರೆಗೆ ತಂದ 80 ಸಂಚಿಕೆಗಳು. ಅದರ ಜೊತೆಯಲ್ಲೇ 1984ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಶುರುವಾಗಿ 332 ಸಂಚಿಕೆ ಕಂಡ ಬ್ರಿಟಿಷ್ ಪತ್ರಿಕೆ. ಇವನ್ನು ನಾನು ಮೊದಲು ಓದಿದ್ದು ಹಳೇ ಪುಸ್ತಕದ ಅಂಗಡಿಗಳಲ್ಲಿ ಸಿಕ್ಕ ಬಿಡಿ ಸಂಚಿಕೆಗಳಲ್ಲಿ, ಹಿಂದುಮುಂದಿಲ್ಲದೆ. ಈಗ ಮರುಮುದ್ರಣಗಳು ಬಂದ ಮೇಲೆ ಕ್ರಮವಾಗಿ ಕೂತು ಓದಿದೆ. ಹಾಗೆ ಓದಿದಾಗ ಕಂಡದ್ದನ್ನು ಹೇಳುತ್ತೇನೆ.

ಆಟಿಕೆಯಿಂದಲೇ ಶುರುಮಾಡಬೇಕು, ಯಾಕೆಂದರೆ ಆಟಿಕೆ ಮೊದಲು ಹುಟ್ಟಿತು, ಕತೆ ಆಮೇಲೆ. ಜಪಾನಿನ ಟಕಾರಾ ಕಂಪನಿಗೆ ಎರಡು ಸಾಲಿನ ಆಟಿಕೆಗಳಿದ್ದವು. ಒಂದು ಡಯಾಕ್ಲೋನ್: ಕಾರು, ಲಾರಿ, ಜೆಟ್ ವಿಮಾನಗಳು ಮಡಚಿಕೊಂಡು ರೋಬೋಟ್ ಆಗುತ್ತಿದ್ದವು. ಇನ್ನೊಂದು ಮೈಕ್ರೋ ಚೇಂಜ್: ಟೇಪ್ ರೆಕಾರ್ಡರ್, ಪಿಸ್ತೂಲು ಇತ್ಯಾದಿ ಮನೆಯಲ್ಲಿ ಕಾಣುವ ಗಾತ್ರದ ವಸ್ತುಗಳೇ ರೋಬೋಟ್ ಆಗುವಂಥವು. ಡಯಾಕ್ಲೋನ್ ರೋಬೋಟ್‌ಗಳಿಗೆ ಸ್ವಂತ ಬುದ್ಧಿ ಇರಲಿಲ್ಲ. ಅವು ವಾಹನಗಳು, ನಡೆಸುವುದಕ್ಕೆ ಒಂದಿಂಚು ಎತ್ತರದ ಪುಟ್ಟ ಚಾಲಕನೊಬ್ಬ ಇರುತ್ತಿದ್ದ. ಅಮೆರಿಕದ ಹ್ಯಾಸ್ಬ್ರೋ ಕಂಪನಿ ಇವನ್ನು ಕೊಂಡು ತನ್ನ ಹೆಸರಿನಲ್ಲಿ ಮಾರುವಾಗ ಆ ಚಾಲಕನನ್ನು ಕೈಬಿಟ್ಟಿತು. ಸೀಟು ಮಾತ್ರ ಆಟಿಕೆಯಲ್ಲಿ ಹಾಗೇ ಉಳಿಯಿತು. ಆ ಖಾಲಿ ಸೀಟಿನಲ್ಲಿ ಯಾರನ್ನು ಕೂರಿಸುವುದು ಎನ್ನುವ ಪ್ರಶ್ನೆ ಮಾರ್ವೆಲ್‌ಗೆ ಬಂತು.

ಅಲ್ಲಿನ ಪ್ರಧಾನ ಸಂಪಾದಕ ಜಿಮ್ ಶೂಟರ್ ಮೂಲ ಕತೆಯ ಚೌಕಟ್ಟು ಬರೆದರು: ಸೈಬರ್ಟ್ರಾನ್ ಎಂಬ ಲೋಹದ ಗ್ರಹ, ಅಲ್ಲಿ ಆಟೋಬಾಟ್ (ಒಳ್ಳೆಯವರು) ಮತ್ತು ಡಿಸೆಪ್ಟಿಕಾನ್ (ಕೆಟ್ಟವರು) ಎಂಬ ಎರಡು ಬಣ, ಮುಗಿಯದ ಯುದ್ಧ, ನಲವತ್ತು ಲಕ್ಷ ವರ್ಷಗಳ ಹಿಂದೆ ಭೂಮಿಗೆ ಅಪ್ಪಳಿಸಿದ ಹಡಗು. ಮಾರ್ವೆಲ್‌ನ ಇನ್ನೊಬ್ಬ ಸಂಪಾದಕ ಡೆನ್ನಿ ಓನೀಲ್ ಆಟೋಬಾಟ್‌ಗಳ ನಾಯಕನಿಗೆ ಆಪ್ಟಿಮಸ್ ಪ್ರೈಮ್ ಎಂದು ಹೆಸರಿಟ್ಟರು. ಆದರೆ ಉಳಿದ ಹೆಸರುಗಳು, ಸ್ವಭಾವಗಳು ಹ್ಯಾಸ್ಬ್ರೋಗೆ ಒಪ್ಪಿಗೆಯಾಗಲಿಲ್ಲ. 1983ರ ನವೆಂಬರ್‌ನಲ್ಲಿ ಆ ಕೆಲಸ ಬಾಬ್ ಬುಡಿಯಾನ್ಸ್ಕಿ ಎಂಬ ಸಂಪಾದಕರ ಮೇಜಿಗೆ ಬಂತು. ಒಂದು ವಾರಾಂತ್ಯದಲ್ಲಿ ಅವರು ಇಪ್ಪತ್ತಕ್ಕೂ ಹೆಚ್ಚು ರೋಬೋಟ್‌ಗಳಿಗೆ ಹೆಸರು, ಗುಣ, ಬಲ, ದೌರ್ಬಲ್ಯ ಎಲ್ಲ ಬರೆದುಕೊಟ್ಟರು. ಮೆಗಟ್ರಾನ್ ಎನ್ನುವ ಹೆಸರು ತೀರಾ ಭಯಂಕರವಾಯಿತು ಎಂದು ಕಂಪನಿಯವರು ತಕರಾರು ತೆಗೆದಾಗ, ಖಳನಾಯಕ ಭಯಂಕರನೇ ಆಗಿರಬೇಕಲ್ಲವೇ ಎಂದು ಕೇಳಿ ಒಪ್ಪಿಸಿದವರೂ ಅವರೇ.

ಆ ಗುಣವರ್ಣನೆಗಳು ಆಟಿಕೆಯ ಡಬ್ಬಿಯ ಹಿಂಬದಿಯಲ್ಲೂ ಅಚ್ಚಾದವು. ಬಲಾಬಲದ ಪಟ್ಟಿಯನ್ನು ಓದಲು ಕೆಂಪು ಪ್ಲಾಸ್ಟಿಕ್ ಹಾಳೆಯೊಂದನ್ನು ಕೊಡುತ್ತಿದ್ದರು, ಅದನ್ನು ಮೇಲಿಟ್ಟರೆ ಮಾತ್ರ ಗೆರೆಗಳು ಕಾಣುತ್ತಿದ್ದವು. ಈ ಬರಹಗಳನ್ನು ಒಮ್ಮೆ ಗಮನವಿಟ್ಟು ಓದಿ ನೋಡಿ. ಹಫರ್ ಎನ್ನುವವನಿಗೆ ತವರು ಗ್ರಹದ ನೆನಪು ಬಿಡದೆ ಕಾಡುತ್ತದೆ, ಸದಾ ಗೊಣಗುತ್ತಾನೆ. ಮಿರಾಜ್‌ಗೆ ತನ್ನ ಬಣದ ಹೋರಾಟದಲ್ಲಿ ಪೂರ್ತಿ ಮನಸ್ಸಿಲ್ಲ, ಹಳೆಯ ಸುಖದ ದಿನಗಳಿಗೆ ಮರಳಬೇಕು ಅನಿಸುತ್ತಿರುತ್ತದೆ. ಶತ್ರು ಪಾಳಯದ ಥಂಡರ್‌ಕ್ರ್ಯಾಕರ್‌ಗೆ ತಾನು ನಿಂತಿರುವ ಪಕ್ಷ ಸರಿಯೋ ತಪ್ಪೋ ಎಂಬ ಸಂದೇಹ. ಆರೇಳು ವರ್ಷದ ಮಗುವಿಗೆ ಮಾರುವ ಡಬ್ಬಿಯ ಮೇಲೆ ಯುದ್ಧದ ಬಗ್ಗೆ ಇಷ್ಟು ಅನುಮಾನ ಬರೆಯಬೇಕೆಂದು ಬುಡಿಯಾನ್ಸ್ಕಿಯನ್ನು ಯಾರೂ ಕೇಳಿರಲಿಲ್ಲ. ಖಾಲಿ ಸೀಟಿನಲ್ಲಿ ಅವರು ಕೂರಿಸಿದ್ದು ಅಳುಕನ್ನು.

ಇದೆಲ್ಲ ಜಾಹೀರಾತೇ ಎಂದು ನೀವು ಹೇಳಬಹುದು. ಹೌದು, ಜಾಹೀರಾತೇ. ಹ್ಯಾಸ್ಬ್ರೋ 1982ರಲ್ಲಿ ಜಿ.ಐ. ಜೋ ಆಟಿಕೆಯನ್ನು ಹೊಸದಾಗಿ ತಂದಾಗ ಮಾಡಿದ ಉಪಾಯವೇ ಅದು. ಆಟಿಕೆಯ ಜಾಹೀರಾತಿನಲ್ಲಿ ಆನಿಮೇಷನ್ ಬಳಸಲು ಟಿವಿಯಲ್ಲಿ ಕಟ್ಟುಪಾಡುಗಳಿದ್ದವು; ಕಾಮಿಕ್ಸ್ ಪುಸ್ತಕದ ಜಾಹೀರಾತಿಗೆ ಅವು ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಕಂಪನಿ ದುಡ್ಡು ಸುರಿದು ಟಿವಿಯಲ್ಲಿ ಕಾಮಿಕ್ಸನ್ನು ಪ್ರಚಾರ ಮಾಡಿತು, ಆಟಿಕೆ ತಾನಾಗಿ ಮಾರಾಟವಾಯಿತು. ರೇಗನ್ ಕಾಲದಲ್ಲಿ, 1984ರಲ್ಲಿ, ಅಲ್ಲಿನ ಪ್ರಸಾರ ನಿಯಂತ್ರಣ ಆಯೋಗ ಮಕ್ಕಳ ಕಾರ್ಯಕ್ರಮಗಳ ಜಾಹೀರಾತು ಮಿತಿಯನ್ನೂ ತೆಗೆದುಹಾಕಿತು. ಟ್ರಾನ್ಸ್‌ಫಾರ್ಮರ್ಸ್ ಬಂದದ್ದು ಸರಿಯಾಗಿ ಆ ವರ್ಷ. ಮೊದಲ ಸಂಚಿಕೆಗೆ 75 ಸೆಂಟ್ ಬೆಲೆ, ನಾಲ್ಕೇ ಸಂಚಿಕೆಯ ಕಿರುಸರಣಿ ಎಂಬ ಘೋಷಣೆ. ಮಾರಾಟ ಚೆನ್ನಾಗಿದ್ದುದರಿಂದ ಅದು ಮುಂದುವರಿಯಿತು. 1991ರ ಜುಲೈ ಎಂದು ನಮೂದಾದ ಕೊನೆಯ ಸಂಚಿಕೆಯ ಮುಖಪುಟದಲ್ಲಿ ಅವರೇ ಬರೆದುಕೊಂಡರು: ನಾಲ್ಕು ಸಂಚಿಕೆಗಳ ಕಿರುಸರಣಿಯಲ್ಲಿ ಎಂಬತ್ತನೆಯದು.

ಇಷ್ಟನ್ನೂ ಒಪ್ಪಿಕೊಂಡ ಮೇಲೆ ನನ್ನ ವಾದ ಶುರುವಾಗುತ್ತದೆ. ಲೈಸೆನ್ಸ್ ಕಾಮಿಕ್ಸ್, ಅಂದರೆ ಇನ್ನೊಂದು ಕಂಪನಿಯ ಸರಕಿನ ಮೇಲೆ ಅನುಮತಿ ಪಡೆದು ಮಾಡುವ ಕಾಮಿಕ್ಸ್ ಬರೆಯುವವನ ಪಾಡು ತಾಳಮದ್ದಳೆಯ ಅರ್ಥಧಾರಿಯ ಪಾಡಿನಂಥದು. ಪ್ರಸಂಗ ಮೊದಲೇ ನಿಶ್ಚಯವಾಗಿದೆ, ಪದ್ಯ ಭಾಗವತರ ಕೈಯಲ್ಲಿದೆ, ಕರ್ಣ ಕೊನೆಗೆ ಸಾಯಲೇಬೇಕು. ಆದರೆ ಸಾಯುವ ಮುಂಚೆ ಅವನು ಏನು ಮಾತಾಡುತ್ತಾನೆ ಎನ್ನುವುದು ಅರ್ಥಧಾರಿಗೆ ಬಿಟ್ಟದ್ದು. ಬುಡಿಯಾನ್ಸ್ಕಿ ಐದನೇ ಸಂಚಿಕೆಯಿಂದ ಐವತ್ತೈದರವರೆಗೆ, ನಡುವಿನ ಕೆಲವನ್ನು ಬಿಟ್ಟು, ಈ ಕೆಲಸ ಮಾಡಿದರು. ಯಾವ ತಿಂಗಳು ಯಾವ ಹೊಸ ಆಟಿಕೆ ಪುಟಕ್ಕೆ ಬರಬೇಕು ಎಂಬುದು ಕಂಪನಿಯ ಮಾರಾಟದ ಲೆಕ್ಕಾಚಾರ. ಅವುಗಳ ಬಾಯಲ್ಲಿ ಏನು ಮಾತು ಎಂಬುದು ಅವರ ಪಾಲಿನದು.

ಲೆಕ್ಕಾಚಾರದ ಭಾರ ಪುಟಗಳಲ್ಲಿ ಎದ್ದು ಕಾಣುತ್ತದೆ. ಒಂದೊಂದು ಚೌಕದಲ್ಲಿ ಎಂಟು ಹತ್ತು ರೋಬೋಟ್‌ಗಳು ಇಕ್ಕಟ್ಟಾಗಿ ನಿಂತು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಾ, ಓದುವ ಮಗುವಿಗೆ ಹೆಸರು ಬಾಯಿಪಾಠವಾಗುವ ಹಾಗೆ ಮಾತಾಡುತ್ತಾರೆ. ಬಣ್ಣ ತುಂಬುತ್ತಿದ್ದ ನೆಲ್ ಯೊಮ್ಟೊವ್ ಹಿಂದೆ ನಿಂತವರನ್ನೆಲ್ಲ ಒಂದೇ ನೇರಳೆಯಲ್ಲೋ ಹಳದಿಯಲ್ಲೋ ಅದ್ದಿಬಿಡುತ್ತಿದ್ದರು. ಅಭಿಮಾನಿಗಳು ಇದನ್ನು ಬೈಯುತ್ತಾ ಬಂದಿದ್ದಾರೆ. ನನಗೆ ಅದು ಈಗ ಇಷ್ಟವಾಗುತ್ತದೆ. ಗುಂಪು ಗುಂಪಾಗಿಯೇ ಕಾಣಬೇಕು. ಕತೆ ಯಾರದ್ದೋ ಅವರು ಮಾತ್ರ ಬಣ್ಣದಲ್ಲಿ ಬೇರೆಯಾಗಿ ನಿಲ್ಲಬೇಕು. ಆದರೆ ಸಾಮಾನ್ಯ ಸಂಚಿಕೆಗಳೂ ಬೇಕಾದಷ್ಟಿವೆ. ಐವತ್ತನೇ ಸಂಚಿಕೆಯ ಆಸುಪಾಸಿನಲ್ಲಿ ಬುಡಿಯಾನ್ಸ್ಕಿ ದಣಿದಿದ್ದು ಗೊತ್ತಾಗುತ್ತದೆ, ಅವನ್ನು ನಾನು ಯಾರಿಗೂ ಓದಿ ಎಂದು ಹೇಳುವುದಿಲ್ಲ.

ಈಗ ಹದಿನೇಳನೇ ಸಂಚಿಕೆಗೆ ಬರೋಣ. 1986ರ ಜೂನ್. ಇದರ ಉದ್ದೇಶ ಬ್ಲಾಸ್ಟರ್, ಪರ್ಸೆಪ್ಟರ್ ಎಂಬ ಆಟಿಕೆಗಳನ್ನು ಪರಿಚಯಿಸುವುದು. ಅಲ್ಲಿಯವರೆಗೆ ಭೂಮಿಯ ಮೇಲೆ ನಡೆಯುತ್ತಿದ್ದ ಕತೆ ಮೊದಲ ಬಾರಿಗೆ ಸೈಬರ್ಟ್ರಾನ್ ಗ್ರಹದಲ್ಲೇ ನಿಂತು ನಡೆಯುತ್ತದೆ. ಅಲ್ಲಿ ಡಿಸೆಪ್ಟಿಕಾನ್‌ಗಳು ಗೆದ್ದಾಗಿದೆ. ಇಂಧನವಿಲ್ಲದೆ ಬೀದಿಗೆ ಬಿದ್ದ ರೋಬೋಟ್‌ಗಳಿದ್ದಾರೆ. ತುಕ್ಕು ಹಿಡಿದ ಕೈ ಚಾಚಿ ಬೇಡುತ್ತಾರೆ. ಸ್ಟ್ರಾಕ್ಸಸ್ ಎಂಬ ಪಾಳೆಯಗಾರ ಸೆರೆಸಿಕ್ಕವರನ್ನು ಕುದಿಯುವ ಕೊಳದಲ್ಲಿ ಕರಗಿಸಿ ಲೋಹ ತೆಗೆಯುತ್ತಾನೆ.

ಇಲ್ಲಿ ಸ್ಕ್ರೌಂಜ್ ಎಂಬ ಒಬ್ಬ ಪುಟ್ಟ ಆಟೋಬಾಟ್ ಇದ್ದಾನೆ. ಉಳಿದವರು ಕಾರು, ವಿಮಾನ ಆಗುತ್ತಾರೆ, ಇವನು ಆಗುವುದು ಬರೀ ಒಂದು ಚಕ್ರ. ಒಂದು ಕೈಯ ಬೆರಳುಗಳಲ್ಲಿ ನೋಡುವ, ಕೇಳುವ ಸಾಧನಗಳಿವೆ, ಅದೇ ಅವನ ಬಂಡವಾಳ. ಬೇಹುಗಾರಿಕೆಗೆ ಹೋಗಿ ಹಿಂದೆ ಎಡವಟ್ಟು ಮಾಡಿದ್ದಾನೆ, ಜೊತೆಗಾರರಿಗೆ ಅವನ ಮೇಲೆ ನಂಬಿಕೆಯಿಲ್ಲ. ಇನ್ನೊಂದು ಅವಕಾಶ ಕೊಡಿ ಎಂದು ಅಂಗಲಾಚುತ್ತಾನೆ. ಹೋಗುತ್ತಾನೆ, ಈ ಸಲ ನಿಜವಾಗಿಯೂ ದೊಡ್ಡ ಸುದ್ದಿ ಸಿಗುತ್ತದೆ: ಸತ್ತರೆಂದು ತಿಳಿದಿದ್ದ ಆಪ್ಟಿಮಸ್ ಪ್ರೈಮ್ ಮತ್ತು ಅವನ ತಂಡ ಭೂಮಿಯಲ್ಲಿ ಬದುಕಿದ್ದಾರೆ. ಅಷ್ಟರಲ್ಲಿ ಸಿಕ್ಕಿಬೀಳುತ್ತಾನೆ. ಆ ಕೈಯನ್ನೇ ಕಿತ್ತುಹಾಕಿ ಅವನನ್ನು ಕೊಳಕ್ಕೆ ಎಸೆಯುತ್ತಾರೆ. ಬ್ಲಾಸ್ಟರ್ ಹುಡುಕಿಕೊಂಡು ಬಂದಾಗ ಸ್ಕ್ರೌಂಜ್ ಅರ್ಧ ಕರಗಿದ್ದಾನೆ. ಸುದ್ದಿಯನ್ನು ಒಪ್ಪಿಸುತ್ತಾನೆ. ಬ್ಲಾಸ್ಟರ್‌ಗೆ ಅವನನ್ನು ಎತ್ತಿಕೊಂಡು ಹೋಗಲು ಆಗುವುದಿಲ್ಲ.

ಸ್ಕ್ರೌಂಜ್‌ನ ಆಟಿಕೆ ಇರಲಿಲ್ಲ. ಆ ಸಂಚಿಕೆ ಬಂದಾಗ ಯಾವ ಅಂಗಡಿಗೆ ಹೋದರೂ ಯಾವ ಮಗುವೂ ಅವನನ್ನು ಕೊಳ್ಳುವಂತಿರಲಿಲ್ಲ. ಹಾಗಾಗಿ ಅವನು ಸೋಲಬಹುದಿತ್ತು, ಹೆದರಬಹುದಿತ್ತು, ಕುರೂಪಿಯಾಗಿ ಸಾಯಬಹುದಿತ್ತು. ಮಾರಬೇಕಾದ ಬ್ಲಾಸ್ಟರ್ ಶೂರನಾಗಿಯೇ ಉಳಿಯಬೇಕು. ಕಂಪನಿಯ ಕಣ್ಣು ಬ್ಲಾಸ್ಟರ್ ಮೇಲಿದ್ದಾಗ ಬುಡಿಯಾನ್ಸ್ಕಿ ತಮ್ಮ ನಿಜವಾದ ಕತೆಯನ್ನು ಪಕ್ಕದಲ್ಲಿದ್ದ ಚಕ್ರದ ಮೇಲೆ ಬರೆದುಬಿಟ್ಟರು. ಎಲ್ಲ ಸಂಚಿಕೆಗಳನ್ನೂ ಸಾಲಾಗಿ ಓದಿದಾಗ ನನಗೆ ಮತ್ತೆ ಮತ್ತೆ ಎದುರಾದದ್ದು ಇದು: ಆಟಿಕೆ ಇಲ್ಲದವರ ಬದುಕೇ ಈ ಕತೆಗಳಲ್ಲಿ ಹೆಚ್ಚು ತುಂಬಿದ ಬದುಕು.

ಜೋಸಿ ಬೆಲ್ಲರ್‌ಳನ್ನು ತೆಗೆದುಕೊಳ್ಳಿ. ಜಿ.ಬಿ. ಬ್ಲ್ಯಾಕ್‌ರಾಕ್ ಎಂಬ ಉದ್ಯಮಿಯ ತೈಲ ವೇದಿಕೆಯಲ್ಲಿ ಕೆಲಸ ಮಾಡುವ ಕಂಪ್ಯೂಟರ್ ತಜ್ಞೆ. ಆರನೇ ಸಂಚಿಕೆಯಲ್ಲಿ ಶಾಕ್‌ವೇವ್ ಎಂಬ ಡಿಸೆಪ್ಟಿಕಾನ್ ದಾಳಿ ಮಾಡಿದಾಗ ಅವಳ ದೇಹ ನಿಷ್ಕ್ರಿಯವಾಗುತ್ತದೆ. ತಾನೇ ವಿನ್ಯಾಸ ಮಾಡಿದ ವಿದ್ಯುತ್ ಜಾಲವನ್ನು ಮೈಮೇಲೆ ಹೊದ್ದು ಒಂಬತ್ತನೇ ಸಂಚಿಕೆಯಲ್ಲಿ ಸರ್ಕಿಟ್ ಬ್ರೇಕರ್ ಆಗಿ ಎದ್ದು ಬರುತ್ತಾಳೆ. ಸಿಕ್ಕ ರೋಬೋಟ್‌ಗಳನ್ನೆಲ್ಲ ಬೇಟೆಯಾಡುತ್ತಾಳೆ. ಒಳ್ಳೆಯ ಬಣ, ಕೆಟ್ಟ ಬಣ ಎಂಬ ಭೇದ ಅವಳಿಗಿಲ್ಲ. ಚಿಕ್ಕಂದಿನಲ್ಲಿ ಓದಿದವರಿಗೆ ಅವಳ ಮೇಲೆ ಕೋಪ ಬರುತ್ತದೆ, ನಮ್ಮ ಆಟೋಬಾಟ್‌ಗಳು ಒಳ್ಳೆಯವರು ಅಂತ ಇವಳಿಗೆ ಯಾಕೆ ಅರ್ಥವಾಗುವುದಿಲ್ಲ ಎಂದು. ದೊಡ್ಡವರಾಗಿ ಓದಿದರೆ ಅವಳು ಹೇಳುವುದು ಸರಿ ಎಂದೇ ಕಾಣುತ್ತದೆ. ತಮ್ಮ ಯುದ್ಧವನ್ನು ಇನ್ನೊಬ್ಬರ ಮನೆಯಂಗಳಕ್ಕೆ ತಂದವರಲ್ಲಿ ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂದು ಮನೆಯವರು ಯಾಕೆ ವಿಚಾರಿಸಬೇಕು?

ಅವಳ ಬಗ್ಗೆ ಇನ್ನೊಂದು ವಿಷಯವಿದೆ. ಲೈಸೆನ್ಸ್ ಪುಸ್ತಕದಲ್ಲಿ ಹುಟ್ಟಿದ ಪಾತ್ರ ಆಟಿಕೆ ಕಂಪನಿಗೆ ಸೇರಿಬಿಡುವ ಅಪಾಯವಿತ್ತು. ಅದಕ್ಕೆ ಮಾರ್ವೆಲ್ ಅವಳನ್ನು 1985ರಲ್ಲಿ ತನ್ನದೇ ಇನ್ನೊಂದು ಸರಣಿಯ ಪುಟವೊಂದರಲ್ಲಿ ಸುಮ್ಮನೆ ಒಮ್ಮೆ ಕಾಣಿಸಿ, ಹಕ್ಕನ್ನು ಉಳಿಸಿಕೊಂಡಿತು. ಬ್ರಿಟನ್ನಿನಲ್ಲೂ ಹೀಗೇ ಆಯಿತು. ಡೆತ್ಸ್ ಹೆಡ್ ಎಂಬ ಬಾಡಿಗೆ ಬೇಟೆಗಾರ ರೋಬೋಟ್ 113ನೇ ಸಂಚಿಕೆಯಲ್ಲಿ ಒಂದು ಸಣ್ಣ ಪಾತ್ರವಾಗಿ ಬರಬೇಕಿತ್ತು. ಕಲಾವಿದ ಜೆಫ್ ಸೀನಿಯರ್ ಬರೆದ ರೂಪ ನೋಡಿದಾಗ ಇವನು ಸಣ್ಣವನಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಹಕ್ಕು ಉಳಿಸಿಕೊಳ್ಳಲು ಅವನದೇ ಒಂದು ಪುಟದ ಬೇರೆ ಕತೆಯನ್ನೇ ಅಚ್ಚು ಹಾಕಿದರು. 1988ರಲ್ಲಿ ಅವನ ಹೆಸರಿನಲ್ಲೇ ಪುಸ್ತಕ ಶುರುವಾಯಿತು.

ಬ್ರಿಟಿಷ್ ಪತ್ರಿಕೆಯ ಕತೆ ಹುಟ್ಟಿದ್ದು ಕೊರತೆಯಿಂದ. ಅಮೆರಿಕದ್ದು ತಿಂಗಳಿಗೊಂದು, ಇವರದ್ದು ಮೊದಲು ಹದಿನೈದು ದಿನಕ್ಕೊಂದು, ಆಮೇಲೆ ವಾರಕ್ಕೊಂದು. ಮರುಮುದ್ರಿಸಲು ಸರಕು ಸಾಲುತ್ತಿರಲಿಲ್ಲ. ನಡುವಿನ ಖಾಲಿ ಪುಟಗಳನ್ನು ತುಂಬಲು ಸೈಮನ್ ಫರ್ಮನ್ ಎಂಬ ಯುವ ಬರಹಗಾರ ಬಂದರು. ಅಮೆರಿಕದ ಕತೆ ಎಲ್ಲಿಗೆ ಹೋಗುತ್ತದೋ ಅದಕ್ಕೆ ಅಡ್ಡಿಯಾಗದಂತೆ, ಸಂದುಗಳಲ್ಲಿ ಬರೆಯಬೇಕು. 1986ರ ಒಂದು ದೀರ್ಘ ಕತೆಯಲ್ಲಿ ಅವರು ಪಡೆಯೊಂದರ ನಾಯಕನಾದ ಇಂಪ್ಯಾಕ್ಟರ್‌ನನ್ನು ತಂದರು. ಕೈಯಿರಬೇಕಾದ ಕಡೆ ಈಟಿ. ಆಗ ಅವನಿಗೂ ಆಟಿಕೆಯಿರಲಿಲ್ಲ. ಎಮಿರೇಟ್ ಜಾರೋನ್ ಎಂಬ ಮುದಿ ನಾಯಕನಿಗೆ ಗುರಿಯಿಟ್ಟ ಗುಂಡಿಗೆ ಅಡ್ಡ ನಿಂತು ಇಂಪ್ಯಾಕ್ಟರ್ ಸಾಯುತ್ತಾನೆ. ಜಾರೋನ್‌ಗೂ ಆಟಿಕೆಯಿರಲಿಲ್ಲ. ಆಮೇಲೆ ಫರ್ಮನ್ ಅಮೆರಿಕದ ಸರಣಿಗೂ 56ನೇ ಸಂಚಿಕೆಯಿಂದ ಬರೆದು, 75ನೇ ಸಂಚಿಕೆಯಲ್ಲಿ ಗ್ರಹಗಳನ್ನೇ ನುಂಗುವ ಯೂನಿಕ್ರಾನ್‌ನನ್ನು ಸೈಬರ್ಟ್ರಾನ್‌ಗೆ ತಂದು ನಿಲ್ಲಿಸಿದರು. ಸರಣಿಯ ಅತಿ ದೊಡ್ಡ ಶತ್ರು ಅಂಗಡಿಯಲ್ಲಿ ಆಟಿಕೆಯಾಗಿ ಸಿಕ್ಕಿದ್ದು 2003ರಲ್ಲಿ.

ಹಾಗಾದರೆ ಆಟಿಕೆ ಇದ್ದವರ ಗತಿ? ಅಲ್ಲೂ ಎರಡು ಕಡೆ ಬುಡಿಯಾನ್ಸ್ಕಿ ಕಂಪನಿಯ ಬೇಡಿಕೆಯನ್ನು ತಿರುಗಿಸಿ ಹಿಡಿದದ್ದು ನೋಡಬೇಕು. 1987ರಲ್ಲಿ ಹೊಸ ಆಟಿಕೆ ಬಂತು: ತಲೆ ಕಳಚಿಕೊಳ್ಳುವ ರೋಬೋಟ್‌ಗಳು. ತಲೆಯೇ ಒಂದು ಪುಟ್ಟ ಮನುಷ್ಯಾಕೃತಿ. ಇದರಿಂದ ಏನು ಕತೆ ಮಾಡುತ್ತೀರಿ? ಅವರು ಹೀಗೆ ಮಾಡಿದರು. ಫೋರ್ಟ್ರೆಸ್ ಮ್ಯಾಕ್ಸಿಮಸ್ ಎಂಬ ಆಟೋಬಾಟ್ ನಾಯಕ ಯುದ್ಧದಿಂದ ಬೇಸತ್ತು ತನ್ನವರನ್ನು ಕಟ್ಟಿಕೊಂಡು ನೆಬ್ಯುಲೋಸ್ ಎಂಬ ಶಾಂತ ಗ್ರಹಕ್ಕೆ ಹೋಗುತ್ತಾನೆ. ಅಲ್ಲಿನ ಜನ ಇವರನ್ನು ಕಂಡು ಹೆದರುತ್ತಾರೆ. ನಮ್ಮಿಂದ ನಿಮಗೆ ಅಪಾಯವಿಲ್ಲ ಎಂದು ತೋರಿಸಲು ಅವರು ತಮ್ಮ ತಲೆಯನ್ನೇ ಕಳಚಿ ಆ ಜನರ ಕೈಗೆ ಕೊಡುತ್ತಾರೆ. ಪ್ಲಾಸ್ಟಿಕ್ಕಿನ ಒಂದು ಗಿಮಿಕ್ಕಿಗೆ ಇದಕ್ಕಿಂತ ಘನವಾದ ಅರ್ಥವನ್ನು ಯಾರಾದರೂ ಕೊಟ್ಟಿದ್ದು ನನಗೆ ಗೊತ್ತಿಲ್ಲ.

ಇನ್ನೊಂದು ಆಪ್ಟಿಮಸ್ ಪ್ರೈಮ್‌ನ ಸಾವು. 1986ರ ಆಗಸ್ಟ್‌ನ ಆನಿಮೇಷನ್ ಸಿನಿಮಾದಲ್ಲಿ ಅವನನ್ನು ಸಾಯಿಸಿದ್ದರು, ಹೊಸ ಆಟಿಕೆಗಳಿಗೆ ಜಾಗ ಬೇಕಿತ್ತು. ಕಾಮಿಕ್ಸ್‌ನಲ್ಲಿ ಅವನು ಸಾಯುವುದು 24ನೇ ಸಂಚಿಕೆಯಲ್ಲಿ, 1987ರ ಜನವರಿ ಎಂದು ನಮೂದಾದದ್ದು. ಅವನಿಗೂ ಮೆಗಟ್ರಾನ್‌ಗೂ ಒಂದು ವಿಡಿಯೋ ಗೇಮ್ ಒಳಗೆ ಪಂದ್ಯ ನಡೆಯುತ್ತದೆ. ಸೋತವನನ್ನು ಸ್ಫೋಟಿಸಬೇಕು ಎಂಬುದು ಕರಾರು. ಪ್ರೈಮ್ ಗೆಲ್ಲುತ್ತಾನೆ. ಆದರೆ ಗೆಲ್ಲುವ ಭರದಲ್ಲಿ ಆ ಗೇಮ್ ಲೋಕದ ಅಮಾಯಕ ಜೀವಿಗಳು ಸಾಯುತ್ತಾರೆ. ಅವು ಪರದೆಯ ಮೇಲಿನ ಚುಕ್ಕೆಗಳು, ನಿಜವಲ್ಲ. ಆದರೂ ನಾನು ನನ್ನ ಧರ್ಮದ ಪ್ರಕಾರ ಸೋತೆ ಎಂದು ಹೇಳಿ, ಗೇಮ್ ರಚಿಸಿದ ಈಥನ್ ಜಕಾರಿ ಎಂಬ ಯುವಕನಿಂದ ಗುಂಡಿ ಒತ್ತಿಸಿಕೊಂಡು ನಾಶವಾಗುತ್ತಾನೆ. ಬಹಳ ಮಂದಿ ಇದನ್ನು ಹುಚ್ಚು ಕತೆ ಎನ್ನುತ್ತಾರೆ, ನಾಯಕ ಇಂಥ ಕಾರಣಕ್ಕೆ ಸಾಯಬಾರದಿತ್ತು ಎಂದು. ನನಗೆ ಮಾತ್ರ ಇದು ಇಡೀ ಸರಣಿಯ ಬೆನ್ನೆಲುಬು. ಆಟದೊಳಗಿನ ಆಕೃತಿಗಳನ್ನು ಜೀವಗಳೆಂದು ಎಣಿಸಿ ಪ್ರಾಣ ಕೊಟ್ಟವನು ತಾನೇ ಒಂದು ಆಟಿಕೆ. ಅವನು ಬದುಕಿದ್ದಾನೆಂದು ಪ್ರತಿ ತಿಂಗಳೂ ನಂಬುತ್ತಿದ್ದ ಮಗುವಿಗೆ ಈ ನಿರ್ಧಾರ ಎಷ್ಟು ಸಹಜವಾಗಿ ಅರ್ಥವಾಗಿರಬೇಕು ಯೋಚಿಸಿ. ಅವನ ಮನಸ್ಸಿನ ಒಂದು ನಕಲು ಫ್ಲಾಪಿ ಡಿಸ್ಕಿನಲ್ಲಿ ಉಳಿದಿರುತ್ತದೆ. 1988ರಲ್ಲಿ ಹೊಸ ಆಪ್ಟಿಮಸ್ ಪ್ರೈಮ್ ಆಟಿಕೆ ಮಾರುಕಟ್ಟೆಗೆ ಬಂದಾಗ ಕತೆಯಲ್ಲೂ ಅವನು ಮರಳಿದ. ಅದು ಲೆಕ್ಕಾಚಾರ, ಇರಲಿ.

2019ರಲ್ಲಿ ಹ್ಯಾಸ್ಬ್ರೋ ಇಂಪ್ಯಾಕ್ಟರ್‌ನ ಆಟಿಕೆ ತಂದಿತು. ಪುಟದಲ್ಲಿ ಹುಟ್ಟಿ ಮೂವತ್ತಮೂರು ವರ್ಷವಾದ ಮೇಲೆ. ಅಂದು ಕಂಪನಿ ಪಟ್ಟಿ ಕೊಟ್ಟು ಕತೆ ಬರೆಸಿತ್ತು; ಈಗ ಕತೆಯೇ ಕಂಪನಿಗೆ ಪಟ್ಟಿ ಕೊಡುತ್ತಿದೆ. ನನಗೆ ಇದರಿಂದ ಸಂತೋಷವಾಯಿತು, ಜೊತೆಗೆ ಸ್ವಲ್ಪ ಕಸಿವಿಸಿಯೂ. ಇಂಪ್ಯಾಕ್ಟರ್ ಆ ರೀತಿ ಸಾಯಲು ಸಾಧ್ಯವಾದದ್ದೇ ಅವನು ಯಾವ ಡಬ್ಬಿಯಲ್ಲೂ ಇರಲಿಲ್ಲವೆಂದು.

ಓದಬೇಕೆನ್ನುವವರು ಎಲ್ಲಿಂದ ಶುರುಮಾಡಬೇಕು ಎಂದು ಮಾತಿಗೆ ಮುಂಚೆ ಕೆಲವರು ಕೇಳಿದ್ದಿರಿ. ಮೊದಲ ಸಂಚಿಕೆಯಿಂದ ಬೇಡ. ಅಲ್ಲಿ ಪರಿಚಯಗಳದ್ದೇ ಗದ್ದಲ, ಮೂರನೆಯದರಲ್ಲಂತೂ ಸ್ಪೈಡರ್‌ಮ್ಯಾನ್ ಬಂದುಹೋಗುತ್ತಾನೆ. ಐದರಿಂದ ಎಂಟು ಓದಿ. ಆಂಬುಲೆನ್ಸ್ ಆಗುವ ವೈದ್ಯ ರ್‍ಯಾಚೆಟ್, ಹೃದಯಾಘಾತವಾದ ಮನುಷ್ಯನೊಬ್ಬನನ್ನು ಆಸ್ಪತ್ರೆಗೆ ಬಿಡಲು ಹೋಗಿದ್ದರಿಂದ ಒಬ್ಬನೇ ಬದುಕುಳಿಯುತ್ತಾನೆ. ಜೊತೆಯವರೆಲ್ಲ ಶಾಕ್‌ವೇವ್ ಕೈಯಲ್ಲಿ ಉರುಳಿದ್ದಾರೆ. ಹೋರಾಡಲು ಬಾರದ ಆ ವೈದ್ಯ ಮೆಗಟ್ರಾನ್‌ನನ್ನು ಎದುರಿಸಬೇಕು. ಅದಾದ ಮೇಲೆ ಹದಿನೇಳು, ಹದಿನೆಂಟು. ಆಮೇಲೆ ಇಪ್ಪತ್ತು: ಸ್ಕಿಡ್ಸ್ ಎಂಬ ರೋಬೋಟ್ ಯುದ್ಧ ಬಿಟ್ಟು, ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವ ಶಾರ್ಲಿನ್ ಎಂಬವಳ ಕಾರಾಗಿ ಇದ್ದುಬಿಡೋಣ ಎಂದುಕೊಳ್ಳುತ್ತಾನೆ. ನಂತರ ಇಪ್ಪತ್ತನಾಲ್ಕು. ಇಷ್ಟು ಹಿಡಿಸಿದರೆ ಬ್ರಿಟಿಷ್ ಕತೆಗಳಿಗೆ ಹೋಗಿ, 78ರಿಂದ 88ರವರೆಗಿನ ಸಂಚಿಕೆಗಳಲ್ಲಿ ಇಂಪ್ಯಾಕ್ಟರ್ ಸಿಗುತ್ತಾನೆ. ನನ್ನ ಹತ್ತಿರ ಇರುವ ಮರುಮುದ್ರಣಗಳನ್ನು ತಂದಿದ್ದೇನೆ, ಹಿಂದಿನ ಮೇಜಿನ ಮೇಲಿವೆ. ತೆಗೆದುಕೊಂಡು ಹೋಗಿ ಓದಿ, ಮುಂದಿನ ಸಲ ಬರುವಾಗ ತಂದುಕೊಡಿ.